ಮಣ್ಣನ್ನು ಯಾರು ತಿನ್ನುತ್ತಾರೆ ಎಂದು ನಕ್ಕವರಿಗೆ

ತಾಲ್ಲೂಕಿನ ಕೆರೆಗಳ ಹೂಳೆತ್ತಿಸುವ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಬಿದಿರುಕಟ್ಟೆ ಕೆರೆಯಿಂದ ನೀವು ಎತ್ತಿಸಿ ಊರೂರಿಗೆ ಹಂಚಿಸುತ್ತಿರುವ ಹೂಳಿನಲ್ಲಿ ಸೀಸವಿದೆ. ಆ ಹೂಳನ್ನು ಒಬ್ಬಳು ಬಸುರಿ ಎರಡು ತಿಂಗಳ ಕಾಲ ತಿಂದಿದ್ದಾಳೆ. ಈ ಎರಡು ಮಾತುಗಳನ್ನು ಹೇಳುವುದಕ್ಕೆಂದೇ ನಾನು ಕಾಲೇಜಿಗೆ ರಜೆ ಹಾಕಿ ನಿಮ್ಮ ಕಚೇರಿಗೆ ಬಂದಿದ್ದೆ. ಮೊದಲನೆಯದನ್ನು ಹೇಳಿ ಮುಗಿಸುವಷ್ಟರಲ್ಲಿ ನೀವು ನಕ್ಕುಬಿಟ್ಟಿರಿ. "ನೀರು ಟೆಸ್ಟ್ ಆಗಿದೆ ಮೇಡಂ, ಪಾಸೂ ಆಗಿದೆ. ಹೂಳು ಇರೋದು ಹೊಲಕ್ಕೆ ಹಾಕೋಕೆ. ಮಣ್ಣನ್ನ ಯಾರು ತಿಂತಾರೆ ಹೇಳಿ?" ಎಂದಿರಿ. ಪಕ್ಕದ ಮೇಜಿನವರೂ ನಕ್ಕರು. ಟೀ ತಂದವನೂ ಏನೆಂದು ತಿಳಿಯದೆಯೇ ನಕ್ಕ. ಎರಡನೆಯ ಮಾತನ್ನು ನಾನು ಹೇಳಲೇ ಇಲ್ಲ, ಏಕೆಂದರೆ ಆ ಬಸುರಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ನಿಮಗೆ ತೋರಿಸಲೆಂದು ಆ ಮಣ್ಣಿನದೇ ಒಂದು ಸುಟ್ಟ ಬಿಲ್ಲೆಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಂದಿದ್ದಳು. ನೀವು ನಕ್ಕಾಗ ಆ ಗಂಟನ್ನು ಅಂಗೈಯಲ್ಲಿ ಮುಚ್ಚಿಕೊಂಡು ತಲೆ ತಗ್ಗಿಸಿದಳು. ಆಮೇಲೆ ನಾವು ಎದ್ದು ಬಂದೆವು.

ಅಂದು ಹೇಳಲಾಗದ್ದನ್ನು ಈಗ ಪತ್ರಿಕೆಯ ಮೂಲಕ ಎಲ್ಲರ ಎದುರಿಗೆ ಹೇಳುತ್ತಿದ್ದೇನೆ. ನಾನು ಹುಣಸೂರಿನ ಕಾಲೇಜೊಂದರಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವವಳು. ನನಗೆ ಸಿಟ್ಟು ಬೇಗ ಬರುತ್ತದೆ, ಇದು ನನ್ನ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಈ ಪತ್ರದಲ್ಲಿ ಅದು ಕಂಡರೆ ಕ್ಷಮೆ ಕೇಳುವ ಉದ್ದೇಶ ನನಗಿಲ್ಲ.

ಮೊದಲು ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಮಣ್ಣನ್ನು ಯಾರು ತಿನ್ನುತ್ತಾರೆ? ನನ್ನ ಅಮ್ಮಿ ಕರೀಮುನ್ನೀಸಾ ತಿಂದಿದ್ದಾರೆ. ನಾನು ಹೊಟ್ಟೆಯಲ್ಲಿದ್ದಾಗ ನಮ್ಮ ಹಿತ್ತಲಿನ ಗೋಡೆಯನ್ನು ಚಮಚದಲ್ಲಿ ಕೆರೆದು ಕೆರೆದು ತಿಂದು, ಅಲ್ಲೊಂದು ಗೂಡು ಮಾಡಿಟ್ಟಿದ್ದರಂತೆ. ಆ ಗೂಡಿನಲ್ಲಿ ಈಗಲೂ ನಾವು ಸೋಪು ಇಡುತ್ತೇವೆ. ಪಿರಿಯಾಪಟ್ಟಣದ ಕಡೆ ತಂಬಾಕು ಬೆಳೆಯುವ ಮನೆಗಳ ಹೆಂಗಸರು ಎಲೆ ಬೇಯಿಸುವ ಬ್ಯಾರನ್ನಿನ ಗೋಡೆಯ ಬಿಸಿ ಮಣ್ಣಿಗೆ ಆಸೆಪಡುತ್ತಿದ್ದುದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಕೆ.ಆರ್. ನಗರದಿಂದ ಬಂದು ಹೋಗುವ ನನ್ನ ಸಹೋದ್ಯೋಗಿಯೊಬ್ಬರು, ಎಂ.ಎಸ್ಸಿ. ಓದಿದವರು, ಗರ್ಭಿಣಿಯಾಗಿದ್ದಾಗ ಸ್ಟಾಫ್‌ರೂಮಿನಲ್ಲಿ ಚಾಕ್‌ಪೀಸು ಕಡಿಯುತ್ತಿದ್ದರು. ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ಇಂಥ ಬಯಕೆ ಹುಟ್ಟುವುದುಂಟು ಎಂದು ವೈದ್ಯರು ಹೇಳುತ್ತಾರೆ. ಆದ್ದರಿಂದ ದಯಮಾಡಿ ಇದನ್ನು "ಹಾಡಿ ಜನರ ಅಜ್ಞಾನ" ಎಂಬ ಷರಾ ಬರೆದು ಪಕ್ಕಕ್ಕಿಡಬೇಡಿ. ಬೇಕಿದ್ದರೆ ಇವತ್ತು ಮನೆಗೆ ಹೋದ ಮೇಲೆ ನಿಮ್ಮ ತಾಯಿಯವರನ್ನು ಒಮ್ಮೆ ಕೇಳಿ ನೋಡಿ. ಅವರು ನಕ್ಕರೆ, ಆ ನಗು ನಿಮ್ಮದಕ್ಕಿಂತ ಬೇರೆ ಥರ ಇರುತ್ತದೆ.

ನನ್ನ ಜೊತೆ ಬಂದಿದ್ದ ಹುಡುಗಿಯ ಹೆಸರು ಚಂದ್ರಿಕಾ. ವೀರನಹೊಸಹಳ್ಳಿಯಿಂದ ಒಳಗೆ, ಕಾಡಂಚಿನ ಆದಿವಾಸಿ ಹಾಡಿಯವಳು. ಅವರ ಹಾಡಿಯಿಂದ ವಿಜ್ಞಾನ ತೆಗೆದುಕೊಂಡ ಮೊದಲ ಹುಡುಗಿ, ನನ್ನ ವಿದ್ಯಾರ್ಥಿನಿ. ಈಗ ಅಂಗನವಾಡಿಯಲ್ಲಿ ಸಹಾಯಕಿ. ಗಂಡ ನಂಜುಂಡ ಕೂಲಿ ಮಾಡುತ್ತಾನೆ. ಈ ಬೇಸಿಗೆಯಲ್ಲಿ ಅವನಿಗೆ ಸಿಕ್ಕ ಕೂಲಿ, ತಮಾಷೆ ನೋಡಿ, ನಿಮ್ಮದೇ ಕೆರೆಯಲ್ಲಿ ಟ್ರ್ಯಾಕ್ಟರಿಗೆ ಹೂಳು ತುಂಬುವುದು. ತಾಯಿ ಇಲ್ಲದ ಚಂದ್ರಿಕಾಳನ್ನು ಸಾಕಿದವಳು ಅಜ್ಜಿ ನಿಂಗಿ. ಚೊಚ್ಚಲ ಬಸುರಿ ಅಜ್ಜಿಯ ಮನೆಯಲ್ಲೇ ಇದ್ದಾಳೆ.

ಆ ಹಾಡಿಯಲ್ಲಿ ಬಸುರಿಗೆ ಮಣ್ಣಿನ ಬಯಕೆಯಾದರೆ ಸಿಕ್ಕಿದ್ದನ್ನು ಕೆರೆದು ತಿನ್ನಲು ಬಿಡುವುದಿಲ್ಲ. ಅದಕ್ಕೊಂದು ಕ್ರಮವಿದೆ, ಅದು ಹಿರಿಯ ಹೆಂಗಸಿನ ಕೆಲಸ. ಬೇಸಿಗೆಯಲ್ಲಿ ಕೆರೆಯ ನೀರು ಹಿಂದೆ ಸರಿದ ಮೇಲೆ ಅಂಚಿಗೆ ಹೋಗಿ, ಮೇಲಿನ ಕೆಸರನ್ನು ಬಳಿದು ಎಸೆದು, ಮೊಣಕೈ ಮುಳುಗುವಷ್ಟು ಆಳಕ್ಕೆ ತೋಡಿ, ಅಡಿಯ ಹಳೆಯ ಬೂದು ಮಣ್ಣನ್ನು ತೆಗೆಯಬೇಕು. ಬೆರಳಲ್ಲಿ ಉಜ್ಜಿ ನೋಡಬೇಕು. ಹಲ್ಲಿಗೆ ತಾಗಿಸಿ ನೋಡಬೇಕು, ಕರಕರ ಎಂದರೆ ಬಿಸಾಡಬೇಕು. ಹಾಗೆ ಆರಿಸಿದ್ದನ್ನು ನೀರಿನಲ್ಲಿ ಕದಡಿ, ಮರಳು ಕೆಳಗಿಳಿದ ಮೇಲೆ ಮೇಲಿನ ನಯವಾದದ್ದನ್ನು ಬಸಿದು, ಬಿಲ್ಲೆ ತಟ್ಟಿ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ ಕೆಂಡದಲ್ಲಿ ಸುಡುತ್ತಾರೆ. ಸುಟ್ಟ ಬಿಲ್ಲೆಗೆ ಮೊದಲ ಮಳೆಯ ವಾಸನೆ ಇರುತ್ತದೆ.

ಈ ವರ್ಷ ನಿಂಗಿ ಅಜ್ಜಿಗೆ ಕೆರೆಯವರೆಗೆ ನಡೆಯುವ ಕಷ್ಟವನ್ನು ನೀವು ತಪ್ಪಿಸಿದಿರಿ. ಕೆರೆಯೇ ಬಾಗಿಲಿಗೆ ಬಂತು. ಅವಳ ಮನೆಯ ಮುಂದೆ ತಗ್ಗು ಇತ್ತು, ಮಳೆಗಾಲದಲ್ಲಿ ನೀರು ನಿಲ್ಲುತ್ತಿತ್ತು. ಹಾಡಿಯ ಅಭಿವೃದ್ಧಿ ಎಂದು ಅಲ್ಲಿ ಎರಡು ಟ್ರ್ಯಾಕ್ಟರ್ ಹೂಳು ಸುರಿಸಿ, ಅದರ ಮುಂದೆ "ಕೆರೆಯ ಹೂಳು, ಬಡವರ ಬಂಗಾರ" ಎಂಬ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡಿರಿ. ಫೋಟೋದಲ್ಲಿ ನಿಂಗಿ ಅಜ್ಜಿ ನಿಮ್ಮ ಎಡಗಡೆ ನಿಂತು ಹಲ್ಲಿಲ್ಲದ ಬಾಯಿ ಬಿಟ್ಟು ನಗುತ್ತಿದ್ದಾಳೆ. ನೀವು ಹೊರಟ ಮೇಲೆ ಅವಳು ಗುಡ್ಡೆಗೆ ಕೈ ಹಾಕಿದಳು. ಎಂಥ ನಯವಾದ ಮಣ್ಣು! ಒಂದು ಕಲ್ಲಿಲ್ಲ, ಮರಳಿಲ್ಲ, ಬೆಣ್ಣೆ ಹಾಗೆ ಬೆರಳಿಗೆ ಮೆತ್ತುತ್ತದೆ. ಮೊಣಕೈ ಆಳಕ್ಕೆ ತೋಡಿದರೂ ಸಿಗದಂಥದ್ದು. ಅದರಲ್ಲೂ ಅತಿ ನಯವಾದದ್ದನ್ನೇ ಹುಡುಕಿ, ಬಸಿದು, ಮೊಮ್ಮಗಳಿಗೆ ಬಿಲ್ಲೆ ಮಾಡಿ ಸುಟ್ಟು ಕೊಟ್ಟಳು. ಮಿಕ್ಕಿದ್ದಕ್ಕೆ ಸಗಣಿ ಕಲಸಿ, ಬಾಣಂತನಕ್ಕೆಂದು ಒಳಗಿನ ಕೋಣೆಯ ಗೋಡೆಗಳನ್ನು ತಾನೇ ಕೂತು ಮೆತ್ತಿದಳು.

ಅವಳ ಜಾಗ್ರತೆಯೇ ಅವಳಿಗೆ ಮುಳುವಾಯಿತು. ಮಣ್ಣಿನ ಕಣ ಎಷ್ಟು ಸಣ್ಣದೋ ಅದು ಹಿಡಿದಿಟ್ಟುಕೊಳ್ಳುವ ಲೋಹ ಅಷ್ಟು ಹೆಚ್ಚು. ಕಲ್ಲು ಮರಳು ಸೀಸವನ್ನು ಹಿಡಿಯುವುದು ಕಡಿಮೆ, ನಯವಾದ ಜೇಡಿ ಬಾಚಿ ಹಿಡಿಯುತ್ತದೆ. ಆ ಗುಡ್ಡೆಯ ಮಣ್ಣನ್ನು ಅವಳು ಆರಿಸದೆ ಬಸಿಯದೆ ಕೊಟ್ಟಿದ್ದರೆ ಮೊಮ್ಮಗಳ ಹೊಟ್ಟೆಗೆ ಇಷ್ಟು ಸೀಸ ಹೋಗುತ್ತಿರಲಿಲ್ಲ.

ನನಗೆ ಇದು ತಿಳಿದದ್ದು ಹೇಗೆಂದರೆ, ನಾನೂ ತಿಂದೆ. ಏಪ್ರಿಲ್‌ನಲ್ಲಿ ಯಾವುದೋ ಸರ್ಟಿಫಿಕೇಟಿಗೆ ಕಾಲೇಜಿಗೆ ಬಂದಿದ್ದ ಚಂದ್ರಿಕಾ ಪ್ರಯೋಗಾಲಯಕ್ಕೆ ಬಂದು ನನ್ನ ಜೊತೆ ಹರಟುತ್ತ ಕೂತಿದ್ದಳು. ಸೆರಗಿನ ಗಂಟು ಬಿಚ್ಚಿ ಬಿಲ್ಲೆ ಮುರಿದಳು.

"ನಮ್ಮಜ್ಜಿ ಸುಟ್ಟಿದ್ದು ಮೇಡಂ. ಒಂಚೂರು ತಗಳಿ, ನಗಬ್ಯಾಡಿ ಮತ್ತೆ."

ನಾನು ನಗಲಿಲ್ಲ. ಅಮ್ಮಿಯ ಗೋಡೆಯ ಗೂಡು ನೆನಪಾಯಿತು. ಒಂದು ಚೂರು ಬಾಯಿಗೆ ಹಾಕಿಕೊಂಡೆ, ಅವಳು ಕೊಟ್ಟ ಇನ್ನೊಂದು ಬಿಲ್ಲೆಯನ್ನು ಅಮ್ಮಿಗೆ ತೋರಿಸಲು ಮನೆಗೆ ತಂದೆ. ಸಂಜೆ ಚಹಾ ಹೊತ್ತಿಗೆ ಅಮ್ಮಿ ಅದನ್ನು ಮೂಸಿ ಮೂಸಿ ಸಂತೋಷಪಡುತ್ತಿದ್ದರು. ನಾನು ಇನ್ನೊಂದು ತುಂಡು ಮುರಿದು ಬಾಯಿಗಿಟ್ಟೆ. ಅಷ್ಟರಲ್ಲಿ ಅಂಗಡಿ ಮುಚ್ಚಿಕೊಂಡು ಬಂದ ಅಬ್ಬಾ, ಅಹಮದ್ ಪಾಷಾ, ಯಾವ ಮಣ್ಣು ಅದು ಎಂದು ಕೇಳಿದರು. ಅಬ್ಬಾ ಬಸ್‌ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜು ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದಾರೆ. ಬಿದಿರುಕಟ್ಟೆ ಕೆರೆಯದು ಎಂದೆ.

"ಥೂಕ್!" ಎಂದು ಅಬ್ಬಾ ಕೂಗಿದ ರಭಸಕ್ಕೆ ಅಮ್ಮಿಯ ಕೈಯ ಲೋಟದ ಚಹಾ ಚೆಲ್ಲಿತು. "ಪೈಲೇ ಥೂಕ್!", ಮೊದಲು ಉಗಿ ಎಂದವರೇ ನನ್ನ ಕೈಯಲ್ಲಿದ್ದದ್ದನ್ನು ಹೊಡೆದು ಬೀಳಿಸಿದರು. ನನಗೆ ನಲವತ್ತು ದಾಟಿದೆ, ಅಬ್ಬಾ ನನ್ನ ಮೇಲೆ ಕೈ ಮಾಡಿದ್ದು ಅದೇ ಮೊದಲು. ನಾನು ಬಚ್ಚಲಿಗೆ ಓಡಿ ಉಗಿದು ಬಾಯಿ ತೊಳೆದು ಬಂದ ಮೇಲೆ ಅವರು ಕಾರಣ ಹೇಳಿದರು. ನಮ್ಮ ಮನೆಮಾತು ಉರ್ದು, ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ಕೆರೆಗೆ ನೀರು ತರೋ ಕಾಲುವೆ ಪಕ್ಕ ಗುಜರಿಯವರ ತಗಡಿನ ಶೆಡ್ಡು ಇತ್ತು ಬೇಟಿ. ಆನೆ ಬೇಲಿಯ ಸತ್ತ ಬ್ಯಾಟರಿಗಳೆಲ್ಲ ಅಲ್ಲಿಗೇ ಹೋಗ್ತಿದ್ದವು. ಒಡೆದು, ಒಳಗಿನ ಪ್ಲೇಟು ತೆಗೆದು, ಕಾಲುವೆಯಲ್ಲಿ ತೊಳೀತಿದ್ರು. ನೀರು ಕರ್ರಗೆ ಹರಿಯೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ."

ಕಾಡಂಚಿನವರಲ್ಲದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ನಾಗರಹೊಳೆ, ಕಾಕನಕೋಟೆ ಅಂಚಿನ ಹೊಲಗಳಿಗೆ ಆನೆ ನುಗ್ಗದಂತೆ ಸೋಲಾರ್ ಬೇಲಿ ಹಾಕಿಕೊಳ್ಳುತ್ತಾರೆ. ಪ್ರತಿ ಬೇಲಿಗೂ ಒಂದು ಬ್ಯಾಟರಿ. ಅದರ ಹೊಟ್ಟೆಯಲ್ಲಿ ಸೀಸ ಮತ್ತು ಆಮ್ಲ. ಕೆಲವು ವರ್ಷಕ್ಕೆ ಅದು ಸಾಯುತ್ತದೆ. ಬೇಲಿ ತಪ್ಪು ಎಂದು ನಾನು ಹೇಳುವುದಿಲ್ಲ, ಆನೆ ತುಳಿದ ರಾಗಿ ಹೊಲವನ್ನು ನಾನೂ ನೋಡಿದ್ದೇನೆ. ಆದರೆ ಹೊಸ ಬ್ಯಾಟರಿ ಹಾಕಿಸುವಾಗ ಇರುವ ಉತ್ಸಾಹ, ಸತ್ತದ್ದು ಎಲ್ಲಿಗೆ ಹೋಯಿತು ಎಂದು ನೋಡುವಾಗ ಯಾರಿಗೂ ಇರಲಿಲ್ಲ. ಶೆಡ್ಡು ಈಗ ಇಲ್ಲ, ತಗಡು ಕಿತ್ತುಕೊಂಡು ಹೋಗಿದ್ದಾರೆ. ತೊಳೆದ ಸೀಸ ಮಾತ್ರ ಎಲ್ಲಿಗೂ ಹೋಗಿಲ್ಲ.

"ಆದರೆ ನೀರು ಪಾಸಾಗಿದೆಯಲ್ಲ" ಎಂದಿರಿ. ಹೌದು, ಪಾಸಾಗಿದೆ, ಪಾಸಾಗಲೇಬೇಕಿತ್ತು. ಬ್ಯಾಟರಿಯ ಸೀಸ ಅದೇ ಬ್ಯಾಟರಿಯ ಆಮ್ಲದೊಂದಿಗೆ ಸೇರಿ ಆಗುವ ಲವಣ ನೀರಿನಲ್ಲಿ ಕರಗುವುದು ಅತ್ಯಲ್ಪ. ಇದು ಪಿಯು ಪಾಠ, ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆ. ಕರಗದ್ದು ತಳಕ್ಕೆ ಇಳಿಯುತ್ತದೆ. ಕರಗಿದ ಅಷ್ಟಿಷ್ಟನ್ನೂ ಜೇಡಿಮಣ್ಣು, ಕಬ್ಬಿಣದ ತುಕ್ಕು, ಕೊಳೆತ ಎಲೆ ಸೇರಿ ಹಿಡಿದುಕೊಳ್ಳುತ್ತವೆ. ಕೆರೆಗೆ ಬಂದ ನೀರು ತೂಬಿನಿಂದ ಗದ್ದೆಗೆ ಹೋಗುತ್ತದೆ, ಆವಿಯಾಗುತ್ತದೆ, ಮುಂದಿನ ವರ್ಷ ಹೊಸ ನೀರು ಬರುತ್ತದೆ. ತಳ ಹಾಗಲ್ಲ. ಮೇಲಿನ ಹೊಲಗಳಲ್ಲಿ ಎರಚಿದ ರಸಗೊಬ್ಬರ, ತಂಬಾಕಿಗೂ ಕಾಫಿಗೂ ಹೊಡೆದ ಔಷಧಿ, ಕಾಲುವೆಯಲ್ಲಿ ತೊಳೆದ ಬ್ಯಾಟರಿ, ಎಲ್ಲದರ ಪಾಲೂ ವರ್ಷದ ಮೇಲೆ ವರ್ಷ ಅಲ್ಲಿ ಕೂರುತ್ತದೆ. ಕಾಫಿ ಫಿಲ್ಟರಿನ ಕೆಳಗಿನ ಡಿಕಾಕ್ಷನ್ ಮಾತ್ರ ನೋಡಿ, ಮೇಲಿನ ಚರಟ ಹೇಗಿದೆ ಎಂದು ಹೇಳಬಲ್ಲಿರಾ? ನೀರಿನ ಬಾಟಲಿ ತುಂಬಿಕೊಂಡು ಹೋಗಿ ಹೂಳಿಗೆ ಪ್ರಮಾಣಪತ್ರ ತಂದವರು ನೀವು.

ಇನ್ನೂ ಒಂದಿದೆ. ನೀರಿನಡಿಯಲ್ಲಿ ಗಾಳಿ ತಾಗದೆ ಇದ್ದಾಗ ಅಲ್ಲಿನ ಲೋಹಗಳು ಬಹುಮಟ್ಟಿಗೆ ಕಟ್ಟಿಹಾಕಿದಂತೆ ಇರುತ್ತವೆ. ಆ ಕೆಸರನ್ನು ಎತ್ತಿ, ಬಿಸಿಲಿಗೆ ಹರಡಿ, ಗಾಳಿ ಆಡಿಸಿ, ಮಳೆಗೆ ನೆನೆಸಿದರೆ ಅವುಗಳಲ್ಲಿ ಕೆಲವು ಕಟ್ಟು ಬಿಚ್ಚಿಕೊಳ್ಳುತ್ತವೆ. ಇನ್ನು ಮನುಷ್ಯರ ಹೊಟ್ಟೆಗೆ ಹೋದರೆ ಅಲ್ಲಿ ಆಮ್ಲವೇ ಇದೆ. ನೀರು ಬಿಡಿಸಲಾರದ ಸೀಸವನ್ನು ಜಠರ ಬಿಡಿಸುತ್ತದೆ. ಕಬ್ಬಿಣ ಕಡಿಮೆ ಇರುವ ದೇಹ ಸೀಸವನ್ನು ಇನ್ನೂ ಹೆಚ್ಚು ಹೀರಿಕೊಳ್ಳುತ್ತದೆ. ಬಸುರಿಯ ರಕ್ತದಿಂದ ಅದು ಮಗುವಿಗೆ ದಾಟುತ್ತದೆ. ಮಗುವಿನ ಮಿದುಳು ಬೆಳೆಯುತ್ತಿರುವ ಹೊತ್ತು ಅದು. ಇಷ್ಟು ಹೇಳಿದರೆ ಸಾಕು ಎಂದುಕೊಳ್ಳುತ್ತೇನೆ.

ನನ್ನ ಅಬ್ಬಾ ನೋಡಿದ್ದನ್ನೇ ನಂಬಿ ನಿಮ್ಮ ಬಳಿ ಓಡಿ ಬರಲಿಲ್ಲ. ಮೂರು ಕಡೆಯ ಮಣ್ಣನ್ನು ಮೈಸೂರಿನ ಪ್ರಯೋಗಾಲಯಕ್ಕೆ ಕಳಿಸಿದೆ. ಒಂದು ಕೆರೆಯ ಏರಿ ಕಡೆಯದು, ಇನ್ನೊಂದು ಕಾಲುವೆ ಬಂದು ಸೇರುವ ಬಾಯಿಯದು, ಮತ್ತೊಂದು ನಿಂಗಿ ಅಜ್ಜಿಯ ಬಾಗಿಲ ಗುಡ್ಡೆಯದು. ಏರಿ ಕಡೆಯ ಮಣ್ಣಿನಲ್ಲಿ ಸೀಸ ಕಿಲೋಗೆ ಇಪ್ಪತ್ತು ಚಿಲ್ಲರೆ ಮಿಲಿಗ್ರಾಂ, ಅಂದರೆ ಎಲ್ಲ ಮಣ್ಣಿನಲ್ಲೂ ಇರುವಷ್ಟೇ. ಕಾಲುವೆ ಬಾಯಿಯಲ್ಲಿ ಸಾವಿರದ ಮುನ್ನೂರು. ಗುಡ್ಡೆಯದೂ ಹೆಚ್ಚುಕಡಿಮೆ ಅಷ್ಟೇ. ಗಮನಿಸಿ, ಇಡೀ ಕೆರೆ ವಿಷವಲ್ಲ. ಹೂಳು ಹೊಲಕ್ಕೆ ಒಳ್ಳೆಯದು ಎಂಬುದನ್ನು ನಿಮಗಿಂತ ಮೊದಲು ನಮ್ಮ ಹಿರಿಯರು ಬಲ್ಲರು, ಎತ್ತಿನ ಗಾಡಿಯಲ್ಲಿ ಹೇರಿದ್ದಾರೆ. ಎಲ್ಲಿ ತೋಡಬೇಕು, ಎಲ್ಲಿ ತೋಡಬಾರದು ಎಂದು ಒಂದು ವಾರ ಮೊದಲು ನೋಡಿದ್ದರೆ ಇಷ್ಟೆಲ್ಲ ಬರೆಯುವ ಪ್ರಸಂಗವೇ ಇರಲಿಲ್ಲ. ಆದರೆ ಕಾಲುವೆ ಬಾಯಿಯ ಹತ್ತಿರ ರಸ್ತೆ ಇದೆ, ಜೆಸಿಬಿ ಇಳಿಯುವುದು ಸುಲಭ. ಆದ್ದರಿಂದ ಅಲ್ಲೇ ಶುರುಮಾಡಿದಿರಿ.

ವರದಿ ಬಂದ ದಿನ ಹಾಡಿಗೆ ಹೋದೆ. ನನ್ನ ಕೆಲಸದಲ್ಲಿ ಫೇಲಾದ ಮಕ್ಕಳಿಗೆ ಫಲಿತಾಂಶ ಹೇಳಿ ಅಭ್ಯಾಸವಿದೆ. ಇದು ಹಾಗಲ್ಲ. ಚಂದ್ರಿಕಾಗೆ ಅಂಕಿ ತೋರಿಸಿದೊಡನೆ ಅವಳು ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು, ಅವಳಿಗೆ ಅರ್ಥವಾಗಿತ್ತು. ನಾನೇ ಕಲಿಸಿದ್ದೆನಲ್ಲ. ಅಜ್ಜಿಗೆ ನಾನೇ ಹೇಳಿದೆ, ಮಣ್ಣಿನಲ್ಲಿ ಬ್ಯಾಟರಿ ವಿಷ ಸೇರಿದೆ ಅಜ್ಜಿ, ಇನ್ನು ಕೊಡಬೇಡಿ ಎಂದು.

ನಿಂಗಿ ಅಜ್ಜಿ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

"ನಾನೇ ಆರ್ಸಿ ಆರ್ಸಿ ಕೊಟ್ನಲ್ಲ ಮೇಡಮ್ಮ. ಒಂದು ಕಲ್ಲು ಸಿಕ್ದಂಗೆ ಕೊಟ್ಟೆ."

"ನಿಮ್ಮ ತಪ್ಪೇನಿಲ್ಲ ಅಜ್ಜಿ."

"ಸರ್ಕಾರದೋರು ಟ್ಯಾಕ್ಟ್ರಲ್ಲಿ ತಂದು ಸುರುದ್ರು. ಬಾಗ್ಲಿಗೆ ತಂದು ಕೆಟ್ಟದ್ದ ಯಾಕ್ ಸುರೀತಾರೆ ಅಂದ್ಕಂಡೆ ಕಣವ್ವ."

ಅಷ್ಟು ಹೇಳಿ ಒಳಗೆ ಹೋದಳು. ಒಂದು ಮಂಕರಿ ತಂದು ಗುಡ್ಡೆಯ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ತುಂಬತೊಡಗಿದಳು. ತಡೆಯಲು ಹೋದ ಮೊಮ್ಮಗಳನ್ನು "ನೀ ಮುಟ್ಬ್ಯಾಡ, ಆಚೆ ಓಗು" ಎಂದು ಗದರಿದಳು. ಮಂಕರಿ ತಲೆಗೇರಿಸಿಕೊಂಡು ನಾಲ್ಕು ಹೆಜ್ಜೆ ಹೋಗಿ ನಿಂತುಬಿಟ್ಟಳು. ಹಾಡಿಯ ಈಚೆ ಹಳ್ಳ, ಅದರ ನೀರನ್ನು ದನ ಕುಡಿಯುತ್ತವೆ. ಆಚೆ ಕಾಡು, ಅಲ್ಲಿ ಜಿಂಕೆ ಆನೆಗಳು ಮಣ್ಣು ನೆಕ್ಕುತ್ತವೆ. ಮನೆಯ ಹಿಂದೆ ಅವರೆಕಾಯಿಯ ತೋಟ.

"ಎಲ್ಲಿ ಸುರೀಲಿ ಯೋಳವ್ವ ಇದ್ನ?" ಎಂದು ನನ್ನನ್ನು ಕೇಳಿದಳು.

ಎಂ.ಎಸ್ಸಿ. ಮಾಡಿದ್ದೇನೆ, ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ, ಆದರೂ ಆ ಒಂದು ಮಂಕರಿ ಮಣ್ಣನ್ನು ಎಲ್ಲಿ ಸುರಿಯಬೇಕೆಂದು ನನಗೆ ಗೊತ್ತಾಗಲಿಲ್ಲ. ಕೊನೆಗೆ ಅದನ್ನು ತಂದು ಮತ್ತೆ ಗುಡ್ಡೆಯ ಮೇಲೇ ಸುರಿದೆವು. ನಂಜುಂಡ ಎಲ್ಲಿಂದಲೋ ಹಳೆಯ ಟಾರ್ಪಾಲು ತಂದು ಮುಚ್ಚಿ, ಸುತ್ತ ಕಲ್ಲು ಹೇರಿದ. ಆ ಪ್ರಶ್ನೆಯನ್ನು ನಿಮ್ಮಲ್ಲಿಗೆ ಹೊತ್ತು ತರೋಣ ಎಂದು ಚಂದ್ರಿಕಾಳನ್ನು ಕರೆದುಕೊಂಡು ಬಂದೆ. ನೀವು ನಕ್ಕಿರಿ.

ಅದಾದ ಮೇಲೆ ನಡೆದದ್ದನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಚಂದ್ರಿಕಾಳ ರಕ್ತ ಪರೀಕ್ಷೆ ಮಾಡಿಸಿದೆವು. ಸೀಸ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚಿದೆ. ಡಾಕ್ಟರು ಒಳ್ಳೆಯವರು, ಹೆದರಿಸಲಿಲ್ಲ, ಸುಳ್ಳು ಧೈರ್ಯವನ್ನೂ ಹೇಳಲಿಲ್ಲ. ಮಣ್ಣು ನಿಲ್ಲಿಸಬೇಕು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ತಪ್ಪಿಸಬಾರದು, ಆಗಾಗ ಬಂದು ಮತ್ತೆ ಪರೀಕ್ಷೆ ಮಾಡಿಸಬೇಕು, ಮಗುವಿನದನ್ನು ಹುಟ್ಟಿದ ಮೇಲೆ ನೋಡಬೇಕು ಎಂದರು. ಎಲ್ಲಕ್ಕಿಂತ ಮುಖ್ಯ, ಆ ಮಣ್ಣಿನ ಹತ್ತಿರ ಇರಬೇಡಿ ಎಂದರು. ಬಾಗಿಲಿಗೆ ಎರಡು ಟ್ರ್ಯಾಕ್ಟರ್ ಮಣ್ಣು, ಮಲಗುವ ಕೋಣೆಯ ನಾಲ್ಕೂ ಗೋಡೆಗೆ ಅದೇ ಮಣ್ಣು. ಹತ್ತಿರ ಇರದೆ ಎಲ್ಲಿರಬೇಕು? ನಮ್ಮ ಮನೆಗೆ ಬಾ ಎಂದು ಅಮ್ಮಿಯೇ ಕರೆದರು. ಚಂದ್ರಿಕಾ ಒಪ್ಪಲಿಲ್ಲ. ಅಜ್ಜಿ ಊಟ ಬಿಟ್ಟಿದ್ದಾಳೆ, ಅವಳನ್ನು ಬಿಟ್ಟು ಹೇಗೆ ಬರಲಿ ಎಂದಳು. ಈಗ ಅಜ್ಜಿ ಮೊಮ್ಮಗಳು ಇಬ್ಬರೂ ಮುಂದಿನ ಜಗುಲಿಯಲ್ಲಿ ಮಲಗುತ್ತಾರೆ. ಜಗುಲಿಯ ಮುಂದೆಯೇ ಗುಡ್ಡೆ.

ಎರಡೂ ವರದಿಗಳನ್ನು ಲಗತ್ತಿಸಿ ನಿಮಗೆ ಅರ್ಜಿ ಕೊಟ್ಟೆ. ನಿಮ್ಮಿಂದ ಉತ್ತರ ಬಂತು, ಆದರೆ ನನಗಲ್ಲ, ನಮ್ಮ ಪ್ರಾಂಶುಪಾಲರಿಗೆ, ಅದೂ ಫೋನಿನಲ್ಲಿ. ಖಾಸಗಿ ಪ್ರಯೋಗಾಲಯದ ವರದಿಗೆ ಬೆಲೆಯಿಲ್ಲವಂತೆ. ಮಾದರಿ ತೆಗೆದದ್ದು ಅಧಿಕೃತ ಸಿಬ್ಬಂದಿಯಲ್ಲವಂತೆ. ನಿಮ್ಮ ಉಪನ್ಯಾಸಕಿ ಜನರಲ್ಲಿ ಭಯ ಹುಟ್ಟಿಸುತ್ತಿದ್ದಾರೆ, ಸ್ವಲ್ಪ ಹೇಳಿ ಎಂದಿರಂತೆ. ಪ್ರಾಂಶುಪಾಲರು ಸಂಕೋಚದಿಂದಲೇ ಹೇಳಿದರು. ಸರಿ, ನನ್ನ ವರದಿಗೆ ಬೆಲೆಯಿಲ್ಲ. ಹಾಗಾದರೆ ನಿಮ್ಮ ಅಧಿಕೃತ ಸಿಬ್ಬಂದಿ ಬಂದು ಒಂದು ಡಬ್ಬಿ ಮಣ್ಣು ತೆಗೆದುಕೊಂಡು ಹೋಗುವುದಕ್ಕೆ ಅಡ್ಡಿ ಏನು? ನನ್ನ ಅಂಕಿ ಸುಳ್ಳಾದರೆ ಇದೇ ಪತ್ರಿಕೆಯಲ್ಲಿ ನಿಮ್ಮ ಕ್ಷಮೆ ಕೇಳುತ್ತೇನೆ, ಸಂತೋಷದಿಂದ ಕೇಳುತ್ತೇನೆ, ನಮ್ಮ ಬೀದಿಗೆಲ್ಲ ಸಿಹಿ ಹಂಚುತ್ತೇನೆ. ಶೆಡ್ಡು ಇದ್ದ ಜಾಗವನ್ನು ತೋರಿಸಲು ನನ್ನ ಅಬ್ಬಾ ತಯಾರಿದ್ದಾರೆ, ಅದನ್ನೂ ಅರ್ಜಿಯಲ್ಲಿ ಬರೆದಿದ್ದೆ. ನೀವು ಅವರನ್ನು ಕರೆಯಲೇ ಇಲ್ಲ. ಭಯ ಹುಟ್ಟಿಸುತ್ತಿದ್ದೇನೆ ಎಂಬ ಮಾತು ಮಾತ್ರ ನಿಜ. ನನಗೆ ಭಯವಾಗಿದೆ, ನಿಮಗೂ ಆಗಲಿ ಎಂದೇ ಬರೆಯುತ್ತಿದ್ದೇನೆ.

ಈ ಪತ್ರ ಬರೆಯುವ ಹೊತ್ತಿಗೂ ಕಾಲುವೆ ಬಾಯಿಯಿಂದ ಟ್ರ್ಯಾಕ್ಟರುಗಳು ಹೊರಡುತ್ತಿವೆ. ಮಳೆಗೆ ಮುಂಚೆ ಮುಗಿಸಬೇಕೆಂದು ಗುತ್ತಿಗೆದಾರರಿಗೆ ನಿಮ್ಮ ತಾಕೀತಂತೆ. ಹನಗೋಡು ರಸ್ತೆಯಲ್ಲಿ ನಿಂತರೆ ಲೋಡಿನ ಮೇಲೆ ಲೋಡು ಹೋಗುವುದು ಕಾಣುತ್ತದೆ. ಯಾವ ಹೊಲಕ್ಕೆ, ಯಾವ ಶಾಲೆಯ ಅಂಗಳಕ್ಕೆ, ಇನ್ಯಾವ ಬಸುರಿಯ ಬಾಗಿಲಿಗೆ ಹೋಗುತ್ತಿದೆಯೋ, ನಂಜುಂಡನಿಗೂ ಗೊತ್ತಿಲ್ಲ. ಅವನು ಆ ಕೂಲಿ ಬಿಟ್ಟ. ಅವನ ಜಾಗಕ್ಕೆ ಮಾರನೆಯ ದಿನವೇ ಇನ್ನೊಬ್ಬ ಬಂದ.

ಆದ್ದರಿಂದ ಕೇಳಿಕೊಳ್ಳುವುದಲ್ಲ, ಒತ್ತಾಯಿಸುತ್ತೇನೆ. ಕಾಲುವೆ ಬಾಯಿಯಲ್ಲಿ ಹೂಳೆತ್ತುವುದನ್ನು ಇವತ್ತೇ ನಿಲ್ಲಿಸಿ. ಬಿದಿರುಕಟ್ಟೆಯದಷ್ಟೇ ಅಲ್ಲ, ಈ ಸೀಮೆಯಲ್ಲಿ ಯಾವ ಕೆರೆಯದೇ ಆಗಲಿ, ತಳದ ಮಣ್ಣಿನಲ್ಲಿ ಏನಿದೆ ಎಂದು ನೋಡದೆ ಒಂದು ಬುಟ್ಟಿಯನ್ನೂ ಹೊರಗೆ ಕಳಿಸಬೇಡಿ, ಏಕೆಂದರೆ ಪಿರಿಯಾಪಟ್ಟಣದ ಕೆರೆಯ ತಳ ಒಂದು ಥರ ಇದ್ದರೆ ಹೆಗ್ಗಡದೇವನಕೋಟೆಯದು ಇನ್ನೊಂದು ಥರ ಇರುತ್ತದೆ. ಬಿದಿರುಕಟ್ಟೆಯ ಹೂಳು ಹೋದ ಪ್ರತಿ ಊರಿನ ಬಸುರಿಯರ, ಚಿಕ್ಕ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿ. ಉಚಿತ ಹೂಳು ಬೇಕಾದವರು ಹೆಸರು ಬರೆಸಿ ಎಂದು ಮೈಕು ಕಟ್ಟಿ ಸಾರಿದ ಆಟೋ ಇದೆಯಲ್ಲ, ಅದೇ ಆಟೋ, ಅದೇ ಮೈಕು ಮತ್ತೆ ಊರೂರಿಗೆ ಹೋಗಿ ಈ ಮಣ್ಣನ್ನು ಒಲೆಗೆ, ಗೋಡೆಗೆ, ಬಾಯಿಗೆ ತಾಗಿಸಬೇಡಿ ಎಂದು ಜನಕ್ಕೆ ತಿಳಿಯುವ ಮಾತಿನಲ್ಲಿ ಸಾರಲಿ. ನಿಂಗಿ ಅಜ್ಜಿಯ ಕೋಣೆಯ ಗೋಡೆಯನ್ನು ಧೂಳೇಳದಂತೆ ಕೆರೆಸಿ ಬೇರೆ ಮಣ್ಣು ಮೆತ್ತಿಸಿ, ಹೆರಿಗೆಗೆ ಮುಂಚೆ. ಮತ್ತು ಆ ಎರಡು ಟ್ರ್ಯಾಕ್ಟರ್ ಗುಡ್ಡೆಯನ್ನು ವಾಪಸು ತೆಗೆದುಕೊಂಡು ಹೋಗಿ. ಎಲ್ಲಿ ಸುರಿಯಬೇಕು ಎಂಬುದನ್ನು ನೀವೇ ಯೋಚಿಸಿ. ತರುವಾಗ ನಮ್ಮನ್ನು ಕೇಳಿರಲಿಲ್ಲವಲ್ಲ.

ಕೊನೆಯ ಮಾತು. ಮೊನ್ನೆ ಮಧ್ಯಾಹ್ನ ಹಾಡಿಯಲ್ಲಿದ್ದೆ. ಮುಂಗಾರಿಗೆ ಮುಂಚಿನ ಮಳೆ ಒಂದು ಸಲ ಜೋರಾಗಿ ಹೊಡೆದು ಹೋಯಿತು. ಗಾಳಿಗೆ ಟಾರ್ಪಾಲು ಒಂದು ಕಡೆ ಎದ್ದು ಗುಡ್ಡೆ ನೆನೆಯಿತು. ನೆನೆದ ಮಣ್ಣಿನ ವಾಸನೆ ಜಗುಲಿಯ ತುಂಬ ಹಬ್ಬಿತು. ಎಂಥ ಒಳ್ಳೆಯ ವಾಸನೆ ಅದು, ನನಗೇ ಬಾಯಲ್ಲಿ ನೀರು ಬಂತು. ಚಂದ್ರಿಕಾ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಗೋಡೆಯ ಕಡೆಗೆ ತಿರುಗಿ ಕೂತಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಬೇಕು ಅನ್ನಿಸ್ತದೆ ಮೇಡಂ," ಎಂದಳು. "ಎಲ್ಲಾ ಗೊತ್ತಿದ್ದೂ ಬೇಕು ಅನ್ನಿಸ್ತದೆ. ನೀವು ಒಂದು ಗಳಿಗೆ ನನ್ ಕೈ ಇಡ್ಕಳಿ."

ಹಿಡಿದುಕೊಂಡೆ. ಇನ್ನೊಂದು ಕೈಯನ್ನು ನಿಂಗಿ ಅಜ್ಜಿ ಹಿಡಿದಳು. ಮಳೆ ನಿಂತು, ಬಿಸಿಲು ಬಂದು, ಆ ವಾಸನೆ ಹೋಗುವವರೆಗೂ ಮೂವರೂ ಹಾಗೇ ಕೂತಿದ್ದೆವು. ಇನ್ನು ಮಳೆಗಾಲ ಶುರುವಾಗುತ್ತದೆ, ದಿನಾ ಮಳೆ. ನಾನು ದಿನಾ ಅಲ್ಲಿರುವುದಿಲ್ಲ. ಮಣ್ಣನ್ನು ಯಾರು ತಿನ್ನುತ್ತಾರೆ ಎಂದು ನೀವು ಕೇಳಿದ್ದಿರಿ. ಗುಡ್ಡೆ ಎತ್ತಿಸುವವರೆಗೆ, ಮಳೆ ಬಂದಾಗ, ಬಂದು ಆ ಕೈ ಹಿಡಿದುಕೊಂಡು ಕೂರಿ.

ಇಂತಿ,
ನಿಮ್ಮ ಕೆರೆಯ ಮಣ್ಣನ್ನು ತಾನೂ ಒಂದು ಚೂರು ತಿಂದು, ಉಗಿಯಲು ತಡಮಾಡಿದ
ಅಲ್ಮಾಸ್
ರಸಾಯನಶಾಸ್ತ್ರ ಉಪನ್ಯಾಸಕಿ, ಹುಣಸೂರು